ಗುಲಾಬಿಗೆ ಹೇನು ಮುತ್ತಿದೆಯೇ? ಮೊದಲು ಇರುವೆಯ ದಾರಿ ಕಟ್ಟಿ

ಮಳೆಗಾಲ ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ರೆಂಬೆ ಸವರಿದ ಗುಲಾಬಿ, ನವೆಂಬರ್ ಹೊತ್ತಿಗೆ ಕೆಂಪು ಚಿಗುರೊಡೆದು ಮೊಗ್ಗು ಹಿಡಿಯುತ್ತದೆ. ಬೆಂಗಳೂರು, ಮೈಸೂರು ಕಡೆ ಸಸ್ಯಹೇನು ಮುತ್ತುವುದೂ ಆಗಲೇ. ಚಳಿ ಇಳಿಯುವ ತನಕ ಅದರ ಕಾಟ ತಪ್ಪದು. ಎರಡು ಮೂರು ಮಿಲಿಮೀಟರ್ ಉದ್ದದ, ಹಸಿರು ಇಲ್ಲವೇ ನಸುಗೆಂಪು ಹುಳುಗಳು ಮೊಗ್ಗಿನ ತೊಟ್ಟಿಗೂ ಎಳೆ ಎಲೆಯ ಅಡಿಗೂ ಗುಂಪಾಗಿ ಅಂಟಿ ರಸ ಹೀರುತ್ತವೆ. ಚಿಗುರು ಮುರುಟುತ್ತದೆ, ಮೊಗ್ಗು ಸೊಟ್ಟಗಾಗುತ್ತದೆ. ಎಲೆಯ ಮೇಲೆ ಬಿಳಿ ಹೊಟ್ಟಿನಂಥದ್ದು ಉದುರಿದ್ದರೆ ಅದು ಬೇರೆ ಕೀಟವಲ್ಲ, ಹೇನು ಕಳಚಿದ ಪೊರೆ. ಆದರೆ ಹೇನೇ ಕಾಣದೆ ದಳದ ಅಂಚು ಕಂದಿ ಮೊಗ್ಗು ಅರಳದಿದ್ದರೆ ಥ್ರಿಪ್ಸ್ ನುಸಿ ಇರಬಹುದು, ಅದರ ಉಪಚಾರ ಬೇರೆ.

ಇರುವೆ ಗುಲಾಬಿಯನ್ನು ತಿನ್ನುವುದಿಲ್ಲ. ಹೇನು ವಿಸರ್ಜಿಸುವ ಸಿಹಿ ಅಂಟಿಗಾಗಿ ಬರುತ್ತದೆ. ಅದು ಸಿಗುತ್ತಿರಲೆಂದು ಹೇನು ತಿನ್ನಲು ಬಂದ ಗುಲಗಂಜಿ ಹುಳುವನ್ನು (ಲೇಡಿಬಗ್) ಕಚ್ಚಿ ಓಡಿಸುತ್ತದೆ. ಹಾಗಾಗಿ ಇರುವೆಯನ್ನು ಬಿಟ್ಟು ಹೇನಿಗಷ್ಟೇ ಔಷಧಿ ಹೊಡೆದರೆ ವಾರದೊಳಗೆ ಗಿಡದ ತುಂಬ ಮತ್ತೆ ಹೇನು. ಸಿಹಿ ಅಂಟು ಎಲೆಯ ಮೇಲೆ ಉಳಿದರೆ ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ.

ಇರುವೆ ತಡೆಯುವುದು

ಮೊದಲು ಸೇತುವೆಗಳನ್ನು ಕಡಿಯಿರಿ. ಗೋಡೆಗೆ, ಗ್ರಿಲ್‌ಗೆ, ಪಕ್ಕದ ಗಿಡಕ್ಕೆ ತಾಗುವ ಒಂದೇ ಒಂದು ರೆಂಬೆ ಇದ್ದರೂ ಮುಂದಿನ ಕೆಲಸವೆಲ್ಲ ವ್ಯರ್ಥ. ಬುಡದಿಂದ ಒಂದು ಗೇಣು ಎತ್ತರದಲ್ಲಿ ಕಾಂಡಕ್ಕೆ ಅಗಲದ ಟೇಪ್ ಸುತ್ತಿ, ಅದರ ಮೇಲೆ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಸವರಿ. ಜೆಲ್ಲಿಯನ್ನಾಗಲಿ ಗ್ರೀಸನ್ನಾಗಲಿ ನೇರವಾಗಿ ತೊಗಟೆಗೆ ಹಚ್ಚಬೇಡಿ, ಕಾಂಡ ಹಾಳಾಗುತ್ತದೆ. ಧೂಳು ಕೂತರೆ ಇರುವೆ ಅದರ ಮೇಲೇ ನಡೆದು ಹೋಗುವುದರಿಂದ ವಾರಕ್ಕೊಮ್ಮೆ ಒರೆಸಿ ಹೊಸದಾಗಿ ಸವರಬೇಕು. ಬುಡದಿಂದಲೇ ಹಲವು ಕಾಂಡ ಒಡೆದಿರುವ ಕುಂಡದ ಗಿಡಕ್ಕೆ ಇದು ಆಗದ ಮಾತು. ಅಂಥ ಕುಂಡವನ್ನು ನೀರು ತುಂಬಿದ ಅಗಲ ತಟ್ಟೆಯ ನಡುವೆ ಇಟ್ಟಿಗೆ ಇಟ್ಟು, ಅದರ ಮೇಲೆ ಕೂರಿಸಿ. ಸೊಳ್ಳೆ ಮೊಟ್ಟೆಯಿಡದಂತೆ ಎರಡು ದಿನಕ್ಕೊಮ್ಮೆ ತಟ್ಟೆ ಉಜ್ಜಿ ನೀರು ಬದಲಿಸಿ.

ಗೂಡೇ ಹತ್ತಿರವಿದ್ದರೆ ಬಿಳಿಗಾರದ (ಬೋರಾಕ್ಸ್) ಆಮಿಷ ಒಳ್ಳೆಯದು. 100 ಮಿಲಿ ಬೆಚ್ಚಗಿನ ನೀರಿಗೆ 10 ಗ್ರಾಂ ಸಕ್ಕರೆ, 1 ಗ್ರಾಂ ಬಿಳಿಗಾರ ಕರಗಿಸಿ, ಹತ್ತಿಯಲ್ಲಿ ಅದ್ದಿ, ಮುಚ್ಚಳಕ್ಕೆ ತೂತು ಕೊರೆದ ಡಬ್ಬಿಯಲ್ಲಿ ಇರುವೆ ಸಾಲಿನ ಪಕ್ಕ ಇಡಿ. ಹೆಚ್ಚು ಹಾಕಿದರೆ ಬೇಗ ಸಾಯುತ್ತವೆ ಎಂದು ಬಿಳಿಗಾರ ಸುರಿಯುವವರಿದ್ದಾರೆ. ಆಗ ಕೂಲಿ ಇರುವೆಗಳು ದಾರಿಯಲ್ಲೇ ಸತ್ತು, ವಿಷ ಗೂಡಿನ ರಾಣಿಗೆ ಮುಟ್ಟುವುದೇ ಇಲ್ಲ. ಮೊದಲೆರಡು ದಿನ ಇರುವೆ ಹೆಚ್ಚಾದಂತೆ ಕಂಡರೆ ಗಾಬರಿ ಬೇಡ, ಆಮಿಷ ಹಿಡಿಸಿದೆ ಎಂದೇ ಅರ್ಥ. ಮಕ್ಕಳು, ನಾಯಿ, ಬೆಕ್ಕಿಗೆ ಡಬ್ಬಿ ಸಿಗಬಾರದು. ಇರುವೆ ಚಾಕ್, ಅರಿಶಿನದ ಗೆರೆ ಒಣಗಿದ್ದಾಗ ಅಷ್ಟಿಷ್ಟು ತಡೆದರೂ ಗಿಡಕ್ಕೆ ನೀರು ಹಾಕಿದೊಡನೆ ಅಳಿಸಿಹೋಗುತ್ತವೆ.

ಹೇನು ತೊಳೆಯುವುದು

ಇರುವೆ ತಡೆದ ದಿನವೇ ಬೆಳಿಗ್ಗೆ ಚಿಗುರಿನ ಹಿಂದೆ ಅಂಗೈ ಆನಿಸಿ, ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡವಿಟ್ಟು, ಎಲೆಯ ಅಡಿಗೂ ತಾಗುವಂತೆ ನೀರು ಚಿಮ್ಮಿಸಿ. ಹೀಗೆ ಬಿದ್ದ ಹೇನು ಬಹುಪಾಲು ಮೇಲೆ ಹತ್ತಲಾರದು. ಮೂರು ನಾಲ್ಕು ದಿನ ಮಾಡಿದರೆ ಎಷ್ಟೋ ಗಿಡಗಳಿಗೆ ಬೇರೆ ಔಷಧಿಯೇ ಬೇಡ. ಸಂಜೆ ತೊಳೆಯಬೇಡಿ. ರಾತ್ರಿಯಿಡೀ ಎಲೆ ತೇವವಾಗಿದ್ದರೆ ಕಪ್ಪು ಚುಕ್ಕೆ ರೋಗಕ್ಕೆ ನೀವೇ ಆಹ್ವಾನ ಕೊಟ್ಟಂತೆ.

ಆಮೇಲೂ ಉಳಿದರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ. ಎಣ್ಣೆ ನೀರಿನಲ್ಲಿ ಬೆರೆಯದು. ಮೊದಲು ಅದಕ್ಕೆ 2 ಮಿಲಿ ದ್ರವ ಸೋಪು, ಸ್ವಲ್ಪ ಉಗುರುಬೆಚ್ಚಗಿನ ನೀರು ಹಾಕಿ ಹಾಲಿನ ಬಣ್ಣ ಬರುವ ತನಕ ಕಲಕಿ, ನಂತರ ಉಳಿದ ನೀರು ಸೇರಿಸಿ. ಸಿಂಪಡಿಸುವಾಗಲೂ ಆಗಾಗ ಅಲ್ಲಾಡಿಸುತ್ತಿರಿ. ಎಣ್ಣೆ ಮೇಲೆ ತೇಲಿದರೆ ಕೊನೆಯ ಗಿಡಕ್ಕೆ ಬರೀ ಎಣ್ಣೆ ಬಿದ್ದು ಎಲೆ ಸುಡುತ್ತದೆ. ಬಟ್ಟೆ ಒಗೆಯುವ ಪುಡಿ ಬಳಸಲೇಬೇಡಿ. ಗಡಸು ಬೋರ್‌ವೆಲ್ ನೀರಿನಲ್ಲಿ ಸೋಪು ಒಡೆದು ಕೆನೆಗಟ್ಟುವುದರಿಂದ ಮಳೆನೀರು ಅಥವಾ ಆರ್‌ಒ ಫಿಲ್ಟರ್ ನೀರು ವಾಸಿ. ಕಲಸಿದ್ದು ಅಂದೇ ಮುಗಿಯಲಿ.

ಮೊದಲು ಒಂದು ರೆಂಬೆಗೆ ಹೊಡೆದು ಒಂದು ದಿನ ಕಾಯಿರಿ. ಕೆಂಪು ಚಿಗುರು ಬಹಳ ಸೂಕ್ಷ್ಮ. ಬಿಸಿಲು ಇಳಿದ ಮೇಲೆ, ಕತ್ತಲಾಗುವುದರೊಳಗೆ ಎಲೆ ಆರುವಷ್ಟು ಹೊತ್ತು ಉಳಿಸಿಕೊಂಡು ಸಿಂಪಡಿಸಿ. ಅರಳಿದ ಹೂವಿಗೆ ಹೊಡೆಯಬೇಡಿ, ಜೇನ್ನೊಣ ಬರುತ್ತದೆ. ಮರುದಿನ ಹೇನು ಜೀವಂತ ಕಂಡಿತೆಂದು ಪ್ರಮಾಣ ಹೆಚ್ಚಿಸುವುದು ತಪ್ಪು. ಬೇವು ಮುಖ್ಯವಾಗಿ ಮರಿ ಪೊರೆ ಕಳಚದಂತೆ ತಡೆಯುತ್ತದೆ, ಫಲ ಕಾಣಲು ಕೆಲವು ದಿನ ಬೇಕು. ಹೆಣ್ಣು ಹೇನು ಗಂಡಿನ ಹಂಗಿಲ್ಲದೆ ಮರಿ ಹಾಕುತ್ತದೆ, ಆ ಮರಿ ವಾರ ಹತ್ತು ದಿನದಲ್ಲಿ ತಾನೂ ಹೆರುತ್ತದೆ. ಆದ್ದರಿಂದ ಐದು ದಿನಕ್ಕೊಮ್ಮೆಯಂತೆ ಮೂರು ಸಲ ಸಿಂಪಡಿಸಲೇಬೇಕು. ಒಂದೇ ಸಲಕ್ಕೆ ನಿಲ್ಲಿಸಿದವರೇ ಬೇವು ಕೆಲಸ ಮಾಡಲಿಲ್ಲ ಎನ್ನುವುದು. ಅಂಗಡಿಯವರು ಕೊಡುವ ಇಮಿಡಾಕ್ಲೋಪ್ರಿಡ್‌ನಂಥ ರಾಸಾಯನಿಕ ಕೀಟನಾಶಕ ಮುಡಿಗೂ ಗುಲ್ಕಂದಿಗೂ ಹೋಗುವ ಹೂವಿಗೆ ಖಂಡಿತ ಬೇಡ.

ಹೇನಿನ ಗುಂಪಿನ ನಡುವೆ ಉಬ್ಬಿ ಕಂದುಬಣ್ಣಕ್ಕೆ ತಿರುಗಿದ ಹೇನು ಕಂಡರೆ ಮುಟ್ಟಬೇಡಿ, ಅದರೊಳಗೆ ಹೇನನ್ನೇ ತಿಂದು ಕೊಲ್ಲುವ ಪರತಂತ್ರ ಕಣಜದ ಮರಿ ಬೆಳೆಯುತ್ತಿರುತ್ತದೆ. ಮೊಸಳೆ ಮರಿಯಂತೆ ಉದ್ದಕ್ಕೆ, ಕಪ್ಪಗೆ, ಕಿತ್ತಳೆ ಚುಕ್ಕೆಯಿರುವ ಹುಳು ಗುಲಗಂಜಿ ಹುಳುವಿನ ಮರಿ, ದಿನಕ್ಕೆ ಹತ್ತಾರು ಹೇನು ತಿನ್ನುತ್ತದೆ. ಇವೆರಡರಲ್ಲಿ ಒಂದು ಕಂಡರೂ ಸಿಂಪಡಣೆ ನಿಲ್ಲಿಸಿ, ಇರುವೆಯ ತಡೆ ಮಾತ್ರ ಮುಂದುವರಿಸಿ. ಮೊಗ್ಗು ಬರಲೆಂದು ಯೂರಿಯಾ ಹಾಕುವುದನ್ನೂ ಬಿಡಿ, ಅದರಿಂದ ಬರುವುದು ಹೇನಿಗೆ ಬೇಕಾದ ಮೆತ್ತನೆಯ ಚಿಗುರು. ಹೇನು ಇಲ್ಲದೆಯೂ ಇರುವೆ ಸಾಲು ತಪ್ಪದಿದ್ದರೆ ಹಳೆಯ ಕಾಂಡ ನೋಡಿ. ಅಲ್ಲಿ ಕಂದು ಹೊಪ್ಪಳೆಯಂತೆ ಶಲ್ಕ ಕೀಟ ಅಂಟಿರಬಹುದು. ಸೋಪು ನೀರಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿದರೆ ಬಿಟ್ಟುಕೊಳ್ಳುತ್ತದೆ.