ಮುರಕಲ್ಲಿನ ತುಂಡಿನಿಂದ ಹೈಡ್ರೋಜನ್ ದಾಸ್ತಾನನ್ನು ತಿಳಿಸಿಕೊಡುವ ಕ್ರಮ

ನೆಲದಾಳದ ಶಿಲೆಯಲ್ಲಿ ಹೈಡ್ರೋಜನ್ ಇಂಧನವನ್ನು ಕೂಡಿಡಬಹುದು ಎಂದೊಡನೆ ಮಕ್ಕಳ ಕಣ್ಣ ಮುಂದೆ ಬರುವುದು ದೊಡ್ಡದೊಂದು ಗುಹೆ. ಇಲ್ಲಿ ಅನಿಲ ಕೂಡುವುದು ಗುಹೆಯಲ್ಲಲ್ಲ, ಶಿಲೆಯೊಳಗಿನ ಸಣ್ಣ ಸಂದುಗಳಲ್ಲಿ. ಆ ಕಲ್ಪನೆಯನ್ನು ತಿದ್ದಲು ಕಾಸರಗೋಡಿನ ಶಿಕ್ಷಕರಿಗೆ ಮುರಕಲ್ಲಿಗಿಂತ, ಅಂದರೆ ತೂತುತೂತಾದ ಕೆಂಪು ಕಲ್ಲಿಗಿಂತ (ಲ್ಯಾಟರೈಟ್), ಒಳ್ಳೆಯ ಸಾಧನವಿಲ್ಲ. ಬಾಯಾರು, ಪಡ್ರೆಯ ಗುಡ್ಡಗಳಲ್ಲಿ ನೀರಿಗಾಗಿ ತೋಡಿದ ಸುರಂಗಗಳಲ್ಲಿ ಜಿನುಗುವ ನೀರು ಮಳೆಗಾಲದಲ್ಲಿ ಇಂಥ ಕಲ್ಲಿನ ಸಂದುಗಳ ಮೂಲಕವೇ ಇಳಿದುಬಂದದ್ದು.

ಉದ್ದ, ಅಗಲ, ಎತ್ತರ ತಲಾ 10 ಸೆಂಟಿಮೀಟರ್ ಇರುವಂತೆ ಕೆತ್ತಿಸಿದ ಮುರಕಲ್ಲನ್ನು ಕೆಲವು ದಿನ ಬಿಸಿಲಿಗೆ ಒಣಗಿಸಿ ತೂಗಿರಿ. ಬಳಿಕ ಪಾತ್ರೆಯಲ್ಲಿಟ್ಟು, ನೀರು ಬುಡದಿಂದ ನಿಧಾನವಾಗಿ ಏರುವಂತೆ ಹೊಯ್ಯಿರಿ. ಒಮ್ಮೆಲೇ ಮುಳುಗಿಸಿದರೆ ಗಾಳಿ ಒಳಗೇ ಸಿಕ್ಕಿಕೊಂಡು ಲೆಕ್ಕ ಕೆಡುತ್ತದೆ. ಒಂದು ದಿನ ಕಳೆದ ಮೇಲೆ ಒದ್ದೆ ಬಟ್ಟೆಯಿಂದ ಹೊರಮೈ ಒರೆಸಿ ಮತ್ತೆ ತೂಗಿರಿ. ತೂಕ 250 ಗ್ರಾಂ ಹೆಚ್ಚಿದ್ದರೆ 250 ಮಿಲಿಲೀಟರ್ ನೀರು ಒಳಸೇರಿದೆ, ಅಂದರೆ ಕಲ್ಲಿನ ಗಾತ್ರದಲ್ಲಿ ನೂರಕ್ಕೆ 25 ಭಾಗ ಬರಿದಾಗಿತ್ತು ಎಂದರ್ಥ. ಎತ್ತುವಾಗ ದೊಡ್ಡ ತೂತುಗಳಿಂದ ಸ್ವಲ್ಪ ನೀರು ಸೋರುವುದರಿಂದ ನಿಜವಾದ ಅಂಕಿ ತುಸು ಹೆಚ್ಚೇ ಇರುತ್ತದೆ.

ಈಗ ಒಂದು ಹಿಡಿ ಜೇಡಿಮಣ್ಣನ್ನು ಕಲಸಿ, ತಳದಲ್ಲಿ ತೂತಿರುವ ಡಬ್ಬಿಯಲ್ಲಿ ಒತ್ತಿ ತುಂಬಿ ಮೇಲೆ ನೀರು ಹೊಯ್ಯಿರಿ. ಜೇಡಿಯಲ್ಲೂ ಸಂದುಗಳು ಧಾರಾಳವಾಗಿವೆ, ಆದರೆ ಅವು ಎಷ್ಟು ಕಿರಿದೆಂದರೆ ನೀರು ಹಾಯುವುದೇ ಇಲ್ಲ. ಪಾಠದ ತಿರುಳು ಇಲ್ಲಿದೆ, ಇದಕ್ಕೆ ಹೆಚ್ಚು ಸಮಯ ಕೊಡಿ. ಅನಿಲಕ್ಕೆ ಜಾಗ ಕೊಡುವುದು ಮರಳುಗಲ್ಲಿನಂಥ ಶಿಲೆ; ಅದನ್ನು ಮೇಲೇರದಂತೆ ತಡೆಯುವುದು ಅದರ ಮೇಲಿನ ಜೇಡಿಶಿಲೆಯ ಮುಚ್ಚಳ. ಆ ಮುಚ್ಚಳದ ಸೂಕ್ಷ್ಮ ಸಂದುಗಳಲ್ಲಿ ಕುಳಿತ ನೀರನ್ನು ತಳ್ಳಿ ಒಳನುಗ್ಗುವಷ್ಟು ಒತ್ತಡ ಅನಿಲಕ್ಕೆ ಬರಬಾರದು, ಜೊತೆಗೆ ಮುಚ್ಚಳವು ಕವುಚಿಟ್ಟ ಬೋಗುಣಿಯಂತೆ ಬಾಗಿರಬೇಕು. ನಮ್ಮ ಮುರಕಲ್ಲಿಗೆ ಅಂಥ ಮುಚ್ಚಳವಿಲ್ಲ, ಅದರ ಅಡಿಯಲ್ಲಿರುವುದು ಸಂದುಗಳೇ ವಿರಳವಾದ ಗಟ್ಟಿ ಕರಿಶಿಲೆ. ಆದ್ದರಿಂದ ಇಲ್ಲಿ ಹೈಡ್ರೋಜನ್ ಇಡಲಾಗದು ಎಂಬುದನ್ನೂ ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು.

ಆಳದ ಪ್ರಯೋಜನವನ್ನು ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿ. ಪ್ರತಿ 100 ಮೀಟರ್ ಇಳಿದಂತೆ ನೀರಿನ ಒತ್ತಡ ಸುಮಾರು 10 ಬಾರ್ ಏರುತ್ತದೆ (ಒಂದು ಬಾರ್ ಎಂದರೆ ಸುಮಾರಾಗಿ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು). ಮೇಲ್ಮೈಯಲ್ಲಿ ಒಂದು ಘನ ಮೀಟರ್ ಜಾಗಕ್ಕೆ 100 ಗ್ರಾಂ ಕೂಡ ಹಿಡಿಸದ ಹೈಡ್ರೋಜನ್, 1,000 ಮೀಟರ್ ಆಳದ ಒತ್ತಡದಲ್ಲಿ ಸುಮಾರು 7 ಕಿಲೋಗ್ರಾಂ ಹಿಡಿಸುತ್ತದೆ. ಒಂದು ಕಿಲೋಗ್ರಾಮಿನಲ್ಲಿರುವ ಶಕ್ತಿ ಸುಮಾರು 33 ಯೂನಿಟ್ ವಿದ್ಯುತ್ತಿಗೆ ಸಮ. ಆದರೆ ತುಂಬಿದ್ದೆಲ್ಲವೂ ಮರಳಿ ಸಿಗುವುದಿಲ್ಲ, ಒತ್ತಡ ಕುಸಿಯದಿರಲು ಒಂದಷ್ಟು ಅನಿಲ ಒಳಗೇ ಉಳಿಯಬೇಕು.

ಆಸ್ಟ್ರಿಯದ ರೂಬೆನ್ಸ್‌ಡಾರ್ಫ್‌ನಲ್ಲಿ 2023ರಿಂದ ಬರಿದಾದ ಅನಿಲ ನಿಕ್ಷೇಪವೊಂದರಲ್ಲಿ ಹೈಡ್ರೋಜನ್ ತುಂಬಿ ಪರೀಕ್ಷಿಸಿದ್ದಾರೆ. ಅದಕ್ಕಿಂತ ಬಹಳ ಹಿಂದೆ, ಅರ್ಧದಷ್ಟು ಹೈಡ್ರೋಜನ್ ಇದ್ದ ನಗರ ಅನಿಲವನ್ನು (ಕಲ್ಲಿದ್ದಲಿನಿಂದ ತಯಾರಿಸಿ ಊರಿನ ಮನೆಗಳಿಗೆ ಕೊಳವೆಯಲ್ಲಿ ಹರಿಸುತ್ತಿದ್ದ ಅನಿಲ) ಇಂದಿನ ಚೆಕ್ ದೇಶದ ಲೊಬೊಡಿಟ್ಸೆಯಲ್ಲಿ ಶಿಲೆಯೊಳಗೆ ಇಟ್ಟಾಗ, ಅಲ್ಲಿನ ಸೂಕ್ಷ್ಮಜೀವಿಗಳು ಹೈಡ್ರೋಜನ್ನಿನ ಒಂದು ಪಾಲನ್ನು ಮೀಥೇನ್ ಎಂಬ ಬೇರೊಂದು ಅನಿಲವಾಗಿ ಮಾರ್ಪಡಿಸಿದ್ದವು. ಹಾಗಾಗಿ ಶಿಲೆಯ ಜೊತೆಗೆ ಅದರೊಳಗಿನ ನೀರಿನಲ್ಲಿ ಏನು ಬದುಕಿದೆ ಎಂಬುದನ್ನೂ ಮೊದಲೇ ಪರೀಕ್ಷಿಸುತ್ತಾರೆ.

ತರಗತಿಯಲ್ಲಿ ಮಾತ್ರ ನೀರನ್ನೇ ಬಳಸಿ. ಗಾಳಿಯಲ್ಲಿ ನೂರಕ್ಕೆ 4ರಷ್ಟು ಹೈಡ್ರೋಜನ್ ಸೇರಿದರೂ ಒಂದು ಕಿಡಿಗೆ ಅದು ಹೊತ್ತಿಕೊಳ್ಳುತ್ತದೆ.