ಜನನ, ವಿವಾಹ, ಮರಣದ ದಾಖಲೆಗಳಲ್ಲಿ ಪೂರ್ವಜರ ಜಾಡು

ವಂಶಾವಳಿಯನ್ನು ದಾಖಲೆಗಳ ಆಧಾರದಿಂದ ಕಟ್ಟಲು ಹೊರಟವರು ಮರಣದಿಂದ ಆರಂಭಿಸಿ ಹಿಂದಕ್ಕೆ ಸಾಗಬೇಕು. ಮರಣದ ನೋಂದಣಿಯಲ್ಲಿರುವ ವಯಸ್ಸಿನಿಂದ ಹುಟ್ಟಿದ ವರ್ಷದ ಅಂದಾಜು ಸಿಗುತ್ತದೆ. ವಿವಾಹದ ನೋಂದಣಿಯಲ್ಲಿ ಸಾಮಾನ್ಯವಾಗಿ ತಂದೆಯ ಹೆಸರಿರುತ್ತದೆ. ಈ ಎರಡನ್ನೂ ಕೈಯಲ್ಲಿಟ್ಟುಕೊಂಡು ಹುಡುಕಿದರೆ ಒಂದೇ ಹೆಸರಿನ ಹಲವರ ನಡುವೆ ನಮ್ಮವರ ಜನನದ ದಾಖಲೆಯನ್ನು ಗುರುತಿಸಬಹುದು. ಹಳೆಯ ತಲೆಮಾರಿನಿಂದ ಕೆಳಗಿಳಿಯಲು ಹೋದವರು ಅದೇ ಹೆಸರಿನ ಬೇರೊಂದು ಮನೆತನದ ಹಾದಿ ಹಿಡಿದು, ವರ್ಷಗಟ್ಟಲೆ ಅದನ್ನೇ ತಮ್ಮದೆಂದು ನಂಬುವುದುಂಟು.

ಹುಡುಕುವ ಮುನ್ನ ಆ ಊರಿನಲ್ಲಿ ನೋಂದಣಿ ಯಾವಾಗ ಆರಂಭವಾಯಿತೆಂದು ತಿಳಿಯಬೇಕು. ಫ್ರಾನ್ಸ್‌ನಲ್ಲಿ 1792ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1837ರ ಜುಲೈ 1ರಂದು, ಸ್ಕಾಟ್ಲೆಂಡ್‌ನಲ್ಲಿ 1855ರಲ್ಲಿ ಸರ್ಕಾರಿ ನೋಂದಣಿ ಮೊದಲಾಯಿತು. ಅದಕ್ಕೂ ಹಿಂದಿನ ಕಾಲಕ್ಕೆ ಚರ್ಚುಗಳ ಪುಸ್ತಕಗಳೇ ಆಧಾರ. ಇಂಗ್ಲೆಂಡ್‌ನಲ್ಲಿ ಅವು 1538ರಿಂದ ಆರಂಭವಾಗುತ್ತವೆ. ಆದರೆ ಆ ಪುಸ್ತಕಗಳಲ್ಲಿರುವುದು ಬಹುಮಟ್ಟಿಗೆ ಜನನದ ಬದಲು ದೀಕ್ಷಾಸ್ನಾನದ ದಿನ, ಮರಣದ ಬದಲು ಸಮಾಧಿಯ ದಿನ.

ದಾಖಲೆಗೂ ಅದರ ಸೂಚಿಗೂ, ಅಂದರೆ ದಾಖಲೆಯನ್ನು ಹುಡುಕಲು ಮಾಡಿಟ್ಟ ಹೆಸರುಗಳ ಪಟ್ಟಿಗೂ, ಇರುವ ವ್ಯತ್ಯಾಸವನ್ನು ಮರೆಯಬಾರದು. ಇಂಗ್ಲೆಂಡ್‌ನ ಹಳೆಯ ಸೂಚಿಗಳು ಮೂರು ತಿಂಗಳ ಅವಧಿಗೆ ಒಂದರಂತೆ ಇವೆ, ಮತ್ತು ಅವು ಅನುಸರಿಸುವುದು ನೋಂದಣಿಯಾದ ದಿನವನ್ನೇ ಹೊರತು ಹುಟ್ಟಿದ ದಿನವನ್ನಲ್ಲ. ಜನನವನ್ನು ನೋಂದಾಯಿಸಲು ಅಲ್ಲಿ 42 ದಿನಗಳ ಅವಕಾಶವಿರುವುದರಿಂದ, ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ಮಗು ಮರುವರ್ಷದ ಮೊದಲ ಅವಧಿಯಲ್ಲಿ ಕಾಣಿಸಿಕೊಳ್ಳಬಹುದು. ಆದ್ದರಿಂದ ಹಿಂದೆ ಮುಂದೆ ಒಂದೆರಡು ವರ್ಷಗಳನ್ನೂ, ಹೆಸರಿನ ಬೇರೆ ಬೇರೆ ಕಾಗುಣಿತಗಳನ್ನೂ ನೋಡಬೇಕು. ಸೂಚಿಯಲ್ಲಿ ಸಿಕ್ಕಿತೆಂದು ಅಲ್ಲಿಗೇ ನಿಲ್ಲದೆ ಮೂಲ ಪುಟದ ಪ್ರತಿಯನ್ನು ತರಿಸಿಕೊಳ್ಳಲೇಬೇಕು, ಏಕೆಂದರೆ ಅತ್ಯಮೂಲ್ಯವಾದ ವಿವರಗಳಿರುವುದು ಅಲ್ಲಿಯೇ. ಇಂಗ್ಲೆಂಡ್‌ನ ಜನನ ದಾಖಲೆಯಲ್ಲಿ ದಿನಾಂಕದ ಜೊತೆಗೆ ಗಂಟೆಯನ್ನೂ ಬರೆದಿದ್ದರೆ ಅದು ಸಾಮಾನ್ಯವಾಗಿ ಅವಳಿ ಮಕ್ಕಳ ಸುಳಿವು, ಆ ಒಂದು ಸಣ್ಣ ಅಂಕಿಯಿಂದ ಮನೆಯವರೇ ಮರೆತಿದ್ದ ಇನ್ನೊಂದು ಮಗು ಮತ್ತೆ ವಂಶಾವಳಿಗೆ ಸೇರಬಹುದು.

ಮೂಲ ಪುಟ ಕೈಗೆ ಬಂದಾಗ ನಾನು ಮೊದಲು ನೋಡುವುದು ಮಾಹಿತಿ ಕೊಟ್ಟವರ ಹೆಸರನ್ನು. ತನ್ನ ಮದುವೆಯಲ್ಲಿ ವಧು ತಾನೇ ಹೇಳಿದ ವಯಸ್ಸಿಗೂ, ಆಕೆ ತೀರಿಕೊಂಡಾಗ ನೆರೆಮನೆಯವರು ಊಹಿಸಿ ಬರೆಸಿದ ವಯಸ್ಸಿಗೂ ಒಂದೇ ತೂಕವಿಲ್ಲ. ಮರಣದ ದಿನಾಂಕವನ್ನು ಹೆಚ್ಚುಕಡಿಮೆ ನಂಬಬಹುದು. ಅದೇ ಪುಟದಲ್ಲಿರುವ ವಯಸ್ಸು, ಹುಟ್ಟೂರುಗಳನ್ನು ಇನ್ನೊಂದು ಆಧಾರ ಸಿಗುವವರೆಗೆ ಅನುಮಾನದಿಂದಲೇ ನೋಡಬೇಕು. ಸಹಿಯ ಜಾಗದಲ್ಲಿ ಬರಿಯ ಗುರುತು ಇದ್ದರೆ, ಬರೆದದ್ದನ್ನು ಓದಿ ತಿದ್ದಿಸಲು ಅವರಿಗೆ ಸಾಧ್ಯವಾಗಿರಲಿಲ್ಲವೆಂದೇ ಭಾವಿಸಿ ಹೆಸರಿನ ಕಾಗುಣಿತವನ್ನು ಸಡಿಲವಾಗಿ ತೆಗೆದುಕೊಳ್ಳುವುದು ಒಳ್ಳೆಯದು.

ದೇಶದಿಂದ ದೇಶಕ್ಕೆ ದಾಖಲೆಯ ಸತ್ವ ಬೇರೆ. ಸ್ಕಾಟ್ಲೆಂಡ್‌ನ ಮರಣ ದಾಖಲೆಯಲ್ಲಿ, ಮಾಹಿತಿದಾರರಿಗೆ ಗೊತ್ತಿದ್ದರೆ, ತಂದೆತಾಯಿ ಇಬ್ಬರ ಹೆಸರೂ ಇರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ವಿವಾಹ ನೋಂದಣಿಯಲ್ಲಿ ತಾಯಿಯ ಹೆಸರಿಗೆ ಜಾಗ ದೊರೆತದ್ದು 2021ರಲ್ಲಿ, ಹೀಗಾಗಿ ಅಲ್ಲಿ ಹೆಣ್ಣಿನ ಕಡೆಯ ವಂಶವನ್ನು ಹಿಡಿಯಲು ಜನನ ದಾಖಲೆಯಲ್ಲಿರುವ ತಾಯಿಯ ತವರಿನ ಹೆಸರನ್ನೇ ನೆಚ್ಚಬೇಕು. ಫ್ರಾನ್ಸ್‌ನಲ್ಲಿ 1897ರಿಂದ ಜನನ ದಾಖಲೆಯ ಅಂಚಿನಲ್ಲಿಯೇ ವಿವಾಹದ ಷರಾ ಬರೆಯುವ ಪದ್ಧತಿ ಇರುವುದರಿಂದ ಅಂಚನ್ನೂ ಓದದೆ ಪುಟ ತಿರುಗಿಸಬಾರದು.

ಹುಡುಕಿಯೂ ಸಿಗದ ದಾಖಲೆಗಳನ್ನೂ, ಯಾವ ಕಚೇರಿಯ ಯಾವ ವರ್ಷದ ಸೂಚಿಯನ್ನು ಯಾವ ಹೆಸರಿನಲ್ಲಿ ನೋಡಲಾಯಿತು ಎಂಬ ವಿವರದೊಂದಿಗೆ, ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಬೇಕು.