ಜೋಳದ ಸಾಲಿನ ನಡುವೆ ಅಲಸಂದೆ

ಹೊಲಕ್ಕೆ ಏನು ಬಿತ್ತಬೇಕು ಅನ್ನೋದನ್ನು ನಾನು ಮೊದಲು ಊಟದ ತಟ್ಟೆ ನೋಡಿ ತೀರ್ಮಾನಿಸುತ್ತೇನೆ. ನಮ್ಮ ಮುಖ್ಯ ಬೆಳೆ ಮೆಕ್ಕೆಜೋಳ. ಮಾರುವುದಕ್ಕೂ ಅದೇ, ತಿನ್ನುವುದಕ್ಕೂ ಅದೇ. ಹೊಟ್ಟೆಯೇನೋ ತುಂಬುತ್ತದೆ. ಆದರೆ ಈ ಜೋಳದ ಪ್ರೋಟೀನಿನಲ್ಲಿ ಲೈಸಿನ್ ಅನ್ನುವ, ದೇಹಕ್ಕೆ ಬೇಕೇ ಬೇಕಾದ ಅಂಶ ಕಡಿಮೆ, ಕಾಳುಗಳಲ್ಲಿ ಅದು ಜಾಸ್ತಿ. ಬೆಳೆಯುವ ಮಕ್ಕಳಿರುವ ಮನೆಯಲ್ಲಿ ಎರಡೂ ಬೇಕು. ಹಾಗಾಗಿ ಜೋಳದ ಸಾಲುಗಳ ನಡುವೆ ಅಲಸಂದೆ ಹಾಕಲು ಶುರು ಮಾಡಿದೆ.

ಬಳ್ಳಿ ಹಬ್ಬುವ ತಳಿ ನನಗೆ ಬೇಡ. ಅದು ಜೋಳದ ದಂಟಿಗೆ ಸುತ್ತಿಕೊಂಡು ತೆನೆ ಮುರಿಯುವಾಗ ಕಾಟ ಕೊಡುತ್ತದೆ. ಪೊದೆಯಾಗಿ ಬೆಳೆಯುವ ತಳಿಯನ್ನೇ ಆರಿಸುತ್ತೇನೆ. ಬಿಸಿಲು ಕೆಳಗೂ ಬೀಳಲಿ ಅಂತ ಜೋಳದ ಸಾಲಿನ ಅಂತರ ಸ್ವಲ್ಪ ಹೆಚ್ಚಿಸುತ್ತೇನೆ.

ಸಾರಜನಕದ ಗೊಬ್ಬರವಾದ ಯೂರಿಯಾ ಕೊಡುವುದು ಜೋಳದ ಬುಡಕ್ಕೆ ಮಾತ್ರ. ಮಣ್ಣಿನಲ್ಲಿ ಸಾರಜನಕ ಸುಲಭವಾಗಿ ಸಿಕ್ಕಿದರೆ ಅಲಸಂದೆ ಬೇರಿನಲ್ಲಿ ಗಂಟು ಕಟ್ಟುವುದು ಕಡಿಮೆ ಮಾಡುತ್ತದೆ. ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣಿನ ಸಮೇತ ಅಗೆದು, ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡುತ್ತೇನೆ. ಒಳಗೆ ಗುಲಾಬಿ ಅಥವಾ ಕೆಂಪು ಬಣ್ಣ ಇದ್ದರೆ ಅದರೊಳಗಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕ ಹಿಡಿಯುತ್ತಿವೆ ಅಂತ ಲೆಕ್ಕ. ಬಿಳಿ ಅಥವಾ ಹಸಿರು ಇದ್ದರೆ ಕೆಲಸ ನಡೆದಿಲ್ಲ.

ಅಲಸಂದೆ ಹಾಕಿದರೆ ಮುಂದಿನ ಬೆಳೆಗೆ ಗೊಬ್ಬರವೇ ಬೇಡ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗಿಡ ಹಿಡಿದ ಸಾರಜನಕದ ದೊಡ್ಡ ಪಾಲು ಕಾಳಿಗೆ ಹೋಗುತ್ತದೆ. ಕಾಳು ಮನೆಗೆ ಬಂದರೆ ಅದೂ ಬಂದ ಹಾಗೆ ಅಲ್ವಾ? ಅದಕ್ಕೇ ಗಿಡ ಕೀಳುವುದಿಲ್ಲ, ಬುಡಕ್ಕೆ ಕೊಯ್ಯುತ್ತೇನೆ. ಬೇರು ಮಣ್ಣಲ್ಲೇ ಉಳಿಯುತ್ತದೆ, ಸೊಪ್ಪು ಸದೆಯನ್ನು ಅಲ್ಲೇ ಹರಡುತ್ತೇನೆ. ಕೊಟ್ಟಿಗೆ ಗೊಬ್ಬರ ಹಾಕುವುದನ್ನು ನಿಲ್ಲಿಸಿಲ್ಲ.

ಅಡುಗೆಮನೆಗೆ ಈ ಬೆಳೆ ಮೂರು ಸಲ ಬರುತ್ತದೆ. ಮೊದಲು ಕುಡಿ ಎಲೆ, ಆಮೇಲೆ ಎಳೆಕಾಯಿ, ಕೊನೆಗೆ ಒಣಕಾಳು. ಹೂವಿಗೆ ಮೊದಲು, ಒಂದು ಗಿಡದಿಂದ ನಾಲ್ಕೈದು ಎಲೆಗಿಂತ ಹೆಚ್ಚು ಕೀಳುವುದಿಲ್ಲ. ಆಸೆಬಿದ್ದು ಬೋಳಿಸಿದರೆ ಕಾಳು ಸಿಗುವುದಿಲ್ಲ. ಸೊಪ್ಪು ಬೇಯಿಸಿ ಇಳಿಸಿದ ಮೇಲೆ ನಿಂಬೆರಸ ಹಿಂಡುತ್ತೇವೆ. ಅದರ ಸಿ ವಿಟಮಿನ್ ಇದ್ದರೆ ಸೊಪ್ಪಿನ ಕಬ್ಬಿಣ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಊಟದ ಜೊತೆ ಟೀ ಕುಡಿದರೆ ಇದಕ್ಕೆ ಉಲ್ಟಾ, ಹಾಗಾಗಿ ಟೀಯನ್ನು ಊಟದಿಂದ ದೂರ ಇಟ್ಟಿದ್ದೇವೆ.

ಆಗಾಗ ಕಿತ್ತು ತಿನ್ನುವ ಗಿಡಕ್ಕೆ ಔಷಧಿ ಹೊಡೆಯುವುದು ಕಷ್ಟ. ಹೊಡೆದ ಮೇಲೆ ಎಷ್ಟು ದಿನ ಕೊಯ್ಯಬಾರದು ಅಂತ ಬಾಟಲಿಯ ಮೇಲೆ ಬರೆದಿರುತ್ತದೆ, ಅಷ್ಟರಲ್ಲಿ ಕಾಯಿ ಬಲಿತುಬಿಡುತ್ತದೆ. ಗಿಡದ ರಸ ಹೀರುವ ಸಸ್ಯಹೇನು ಬಂದರೆ ಮೊದಲು ತುದಿ ಚಿವುಟಿ ಹಾಕುತ್ತೇನೆ, ಹೆಚ್ಚಾದರೆ ಗಿಡದ ಮೇಲೆ ನೀರು ಜೋರಾಗಿ ಚಿಮ್ಮಿಸುತ್ತೇನೆ. ಚುಕ್ಕೆ ದುಂಬಿ ಕಂಡರೆ ಸುಮ್ನೆ ಬಿಡುತ್ತೇನೆ. ಅದೂ ಅದರ ಮರಿಗಳೂ ಹೇನು ತಿನ್ನುತ್ತವೆ.

ಕಾಳಿಗೆ ಹುಳ ಬೀಳುವುದು ಡಬ್ಬದಲ್ಲಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಕಾಳು ಕೊರೆಯುವ ದುಂಬಿ ಹೊಲದಲ್ಲೇ ಒಣಗುತ್ತಿರುವ ಕಾಯಿಯ ಮೇಲೆ ಮೊಟ್ಟೆ ಇಟ್ಟಿರುತ್ತದೆ. ಅದಕ್ಕೆ ಕಾಯಿ ಒಣಗಿದ ಕೂಡಲೇ ಬಿಡಿಸುತ್ತೇನೆ. ಕಾಳನ್ನು ಹಲ್ಲಿಗೆ ಕಟಕ್ ಅನ್ನುವಷ್ಟು ಒಣಗಿಸಿ, ಗಾಳಿಯಾಡದ ಡಬ್ಬದಲ್ಲಿ ಬಾಯಿತನಕ ತುಂಬಿ ಮುಚ್ಚುತ್ತೇನೆ. ಒಳಗೆ ಗಾಳಿ ಇಲ್ಲದಿದ್ದರೆ ಹುಳ ಬದುಕುವುದಿಲ್ಲ. ಪದೇ ಪದೇ ತೆರೆದರೆ ಈ ಉಪಾಯ ಕೆಡುತ್ತದೆ. ಆದ್ದರಿಂದ ವಾರದ ಅಡುಗೆಗೆ ಬೇಕಾದ ಕಾಳನ್ನು ಬೇರೆ ಚಿಕ್ಕ ಡಬ್ಬಕ್ಕೆ ತೆಗೆದಿಡುತ್ತೇನೆ.